ಹಾರ್ನ್ ಕಳೆದರೆ ಉಳಿಯುವುದು

ಕಂಪನಿಯ ವಕೀಲರು ಗುಂಡಿ ಒತ್ತಿದರು. ವಿಚಾರಣೆ ಕೋಣೆಯ ಗೋಡೆಗೆ ಒರಗಿಸಿಟ್ಟಿದ್ದ ಎರಡು ಸ್ಪೀಕರುಗಳಿಂದ ಹಾಸಿಗೆ ಕಾರ್ಖಾನೆಯ ಹಾರ್ನ್ ಕೂಗಿತು.

ಆ ಕೂಗು ಯಾರ ಕಿವಿಗಾದರೂ ಬಿದ್ದು ಹನ್ನೆರಡು ವರ್ಷವಾಗಿತ್ತು. ಬೆಂಕಿಯಲ್ಲಿ ಕಾರ್ಖಾನೆ ಹೋಯಿತು, ಉಳಿದ ಗೋಡೆಗಳನ್ನು ಕಂಪನಿಯೇ ಕೆಡವಿಸಿತು, ಆ ಜಾಗದಲ್ಲಿ ಈಗ ಕಾರು ನಿಲ್ಲಿಸುವ ಕಟ್ಟಡ ಎದ್ದಿದೆ. ಬೆಂಚುಗಳ ಮೇಲೆ ಒತ್ತೊತ್ತಾಗಿ ಕೂತಿದ್ದ, ಆ ಬೆಂಕಿಯಲ್ಲಿ ತಮ್ಮವರನ್ನು ಕಳೆದುಕೊಂಡ ಇಪ್ಪತ್ಮೂರು ಮನೆಗಳ ಜನ ಒಮ್ಮೆಲೇ ಬೆಚ್ಚಿಬಿದ್ದರು. ಒಬ್ಬ ಮುದುಕನಂತೂ ಪಾಳಿಗೆ ತಡವಾಯಿತೇನೋ ಅನ್ನುವ ಹಾಗೆ ಎದ್ದೇ ನಿಂತುಬಿಟ್ಟ. ಪಕ್ಕದವರು ಅಂಗಿ ಹಿಡಿದು ಕೂರಿಸಿದರು.

ಮೂರು ಕೂಗು, ಒಂದು ಬಿಡುವು. ಮತ್ತೆ ಮೂರು ಕೂಗು, ಒಂದು ಬಿಡುವು. ಬೆಂಕಿ ಬಿದ್ದಾಗ ಕೂಗಬೇಕಾದ ರೀತಿ ಅದು. ಮೂವತ್ತೆಂಟು ಸೆಕೆಂಡು ಕೂಗಿ ನಿಂತಿತು.

“ಕೇಳಿದಿರಲ್ಲ, ಮಹಾಸ್ವಾಮಿ,” ಅಂದರು ವಕೀಲರು, ವಿಚಾರಣೆ ನಡೆಸುತ್ತಿದ್ದ ನಿವೃತ್ತ ನ್ಯಾಯಾಧೀಶರ ಕಡೆ ಬಾಗಿ. “ಬೆಂಕಿ ಹತ್ತಿದ್ದು ಹನ್ನೊಂದು ಗಂಟೆಗೆ, ಕೆಳಗೆ ಫೋಮ್ ಕತ್ತರಿಸೋ ಕಡೆ. ಈ ಫೋನ್ ಕರೆ ಹೋಗಿದ್ದು ಹನ್ನೊಂದೂ ನಾಲ್ಕಕ್ಕೆ, ಮೂರನೇ ಮಹಡಿಯ ಹೊಲಿಗೆ ವಿಭಾಗದಿಂದ ಗೋದಾಮಿಗೆ. ಅಲ್ಲಿ ಯಾರೂ ಎತ್ತಲಿಲ್ಲ, ಕರೆ ಮೆಷಿನ್ನಿನಲ್ಲಿ ರೆಕಾರ್ಡ್ ಆಯಿತು. ಹಾರ್ನ್ ಕೂಗ್ತಾ ಇದೆ. ಅದರ ಹಿಂದೆ ಸೂಕ್ಷ್ಮವಾಗಿ ಕೇಳಿದರೆ ಹೊಲಿಗೆ ಮೆಷಿನ್ನುಗಳು ಓಡ್ತಾನೇ ಇವೆ. ಕಂಪನಿ ಎಚ್ಚರಿಸಿತು. ಅವರು ಏಳಲಿಲ್ಲ. ಇದಕ್ಕಿಂತ ಹೆಚ್ಚು ನಾನೇನೂ ಹೇಳಬೇಕಿಲ್ಲ.”

ಕರೆ ಮಾಡಿದ ಸೂಪರ್‌ವೈಸರ್ ರಿಸೀವರನ್ನು ಮೇಜಿನ ಮೇಲೆ ಬಿಟ್ಟು ಕೆಳಗಿಳಿದು ಹೋದವನು ಬದುಕಿಕೊಂಡಿದ್ದ. ನಾಲ್ಕು ವರ್ಷದ ಹಿಂದೆ ಕಾಯಿಲೆಯಿಂದ ತೀರಿಕೊಂಡ. ಬದುಕಿದ್ದಷ್ಟು ದಿನ ಅವನನ್ನು ಕರೆದು ಕೇಳಬೇಕು ಅಂತ ಯಾರಿಗೂ ಅನ್ನಿಸಿರಲಿಲ್ಲ. ಸತ್ತ ಮೇಲೆ ಅವನ ಫೋನಿಗೆ ಬಾಯಿ ಬಂದಿತ್ತು.

ಮೂರನೇ ಬೆಂಚಿನಲ್ಲಿ ಕಿವಿ ಕೂತಿದ್ದಳು. ಕಿವಿ ಅನ್ನುವುದು ಅವಳಿಗೆ ಕೆಲಸದವರು ಇಟ್ಟ ಹೆಸರು. ಈಗ ಮನೆಯಲ್ಲೂ ಅದೇ. ಅವಳ ಎಡಕ್ಕೆ ಅಮ್ಮ ಕೂತಿದ್ದಳು. ಅಮ್ಮ ಆ ಮೂರನೇ ಮಹಡಿಯಲ್ಲಿ ಹದಿನಾರು ವರ್ಷ ಹಾಸಿಗೆ ಹೊಲಿದು, ಕಣ್ಣು ಮಂಜಾದ ಮೇಲೆ ತನ್ನ ಜಾಗಕ್ಕೆ ದೊಡ್ಡ ಮಗಳನ್ನು ಕಳಿಸಿದವಳು. ಊರವರೆಲ್ಲ ಮೆತ್ತಗೆ ಮಲಗಲಿ ಅಂತ ಹೊಲಿದ ಮನೆ ಅದು. ಆ ಮನೆಯವರು ಮಲಗುತ್ತಿದ್ದದ್ದು ಚಾಪೆಯ ಮೇಲೆ. ಬೆಂಕಿಗೆ ಸಿಕ್ಕಾಗ ಅಕ್ಕನಿಗೆ ಇಪ್ಪತ್ತೆರಡು, ಕಿವಿಗೆ ಹದಿನೇಳು.

ಹಾರ್ನ್ ನಿಂತ ಮೇಲೂ ಕಿವಿಯ ತಲೆಯಲ್ಲಿ ಒಂದೇ ಒಂದು ಚೂರು ಸುತ್ತುತ್ತಿತ್ತು. ಪ್ರತಿ ಮೂರನೇ ಕೂಗಿನ ನಂತರ ಬಿಡುವಿನಲ್ಲಿ, ಅರ್ಧ ಸೆಕೆಂಡಿನಷ್ಟು ತಡವಾಗಿ, ಸ್ವಲ್ಪ ಮಂಕಾಗಿ ಒಂದು ಮರುಕೂಗು. ಕಾರ್ಖಾನೆಯ ಚಾವಣಿಯಿಂದ ಹೊರಟ ದನಿ ನೀರಿನ ಟ್ಯಾಂಕಿನ ಉಬ್ಬುಗೋಡೆಗೆ ತಾಗಿ ವಾಪಸು ಬರುವ ದನಿ ಅದು. ಅದು ಹಾಗೆ ಕೇಳುತ್ತಿದ್ದದ್ದು ಇಡೀ ಬೀದಿಯಲ್ಲಿ ಒಂದೇ ಕಡೆ, ಅವರ ಮನೆ ಬಾಗಿಲಲ್ಲಿ. ಎರಡು ಮನೆ ಆಚೆ ಹೋದರೆ ಇಲ್ಲ, ಎರಡು ಮನೆ ಈಚೆ ಬಂದರೂ ಇಲ್ಲ.

ಕಿಟಕಿಗಳಿಗೆಲ್ಲ ಮೊಳೆ ಹೊಡೆದು ಮುಚ್ಚಿದ್ದ ಮೂರನೇ ಮಹಡಿಯೊಳಗೆ ತಮ್ಮ ಮನೆ ಬಾಗಿಲಿನ ದನಿ ಹೇಗೆ ಬಂತು?

ಅವಳಿಗೆ ಗೊತ್ತಿತ್ತು. ಅದನ್ನು ಅಲ್ಲಿಗೆ ಹಾಕಿದ್ದು ಅವಳೇ.

*

ಕಿವಿಯ ಕೆಲಸ ವಿಚಿತ್ರವಾದದ್ದು. ಸಿಂಥ್ ಅಂತ ಒಂದು ವಾದ್ಯವಿದೆ. ಊದುವುದಿಲ್ಲ, ಮೀಟುವುದಿಲ್ಲ, ಬಡಿಯುವುದಿಲ್ಲ. ಕರೆಂಟಿನಿಂದಲೇ ದನಿ ಹುಟ್ಟಿಸುತ್ತದೆ. ಸಂಗೀತದವರು ಯಾವುದೋ ಹಳೇ ರೆಕಾರ್ಡು ತಂದು, “ಇದರಲ್ಲಿ ಹಿಂದೆ ಒಂದು ದನಿ ಬರುತ್ತಲ್ಲ, ಮಂಜು ಕವಿದ ಹಾಗೆ, ಅದೇ ಬೇಕು” ಅನ್ನುತ್ತಾರೆ. ಆ ವಾದ್ಯ ಗುಜರಿಗೆ ಹೋಗಿರುತ್ತದೆ, ನುಡಿಸಿದವರು ಮಣ್ಣಿಗೆ. ಕಿವಿ ಆ ದನಿಯ ಕರುಳು ಬಗೆಯುತ್ತಾಳೆ. ಒಳಗೆ ಎಷ್ಟು ಅಲೆಗಳಿವೆ, ಒಂದಕ್ಕೊಂದು ಎಷ್ಟು ಹೊಂದುವುದಿಲ್ಲ, ದನಿ ಹುಟ್ಟುವಾಗ ಹೇಗೆ ಮೂತಿ ತೋರಿಸುತ್ತದೆ, ಸಾಯುವಾಗ ಯಾವ ಕಡೆ ವಾಲುತ್ತದೆ. ಆಮೇಲೆ ಸೊನ್ನೆಯಿಂದ ಶುರುಮಾಡಿ ಕಟ್ಟುತ್ತಾಳೆ. ಅಸಲಿ ಯಾವುದು, ಇವಳದ್ದು ಯಾವುದು ಅಂತ ಮಾಡಿಸಿಕೊಂಡವರೇ ತಲೆ ಕೆರೆದುಕೊಳ್ಳುತ್ತಾರೆ.

ಹೋದ ವರ್ಷ ‘ಟೈ’ ಒಂದು ಕೆಲಸ ತಂದಿದ್ದ. ಬಿಸಿಲು ಎಷ್ಟೇ ಇರಲಿ ಕೊರಳಿಗೆ ಟೈ ಬಿಗಿದುಕೊಂಡೇ ಓಡಾಡುವ ಮಧ್ಯವರ್ತಿ ಅವನು, ಅದೇ ಹೆಸರಾಗಿತ್ತು.

“ಹಳೇ ಕಾರ್ಖಾನೆಗಳ ಮೇಲೆ ಒಂದು ಸಿನಿಮಾ ಮಾಡ್ತಿದ್ದಾರಮ್ಮ,” ಅಂದಿದ್ದ. “ಒಂದು ಹಾರ್ನ್ ಬೇಕು. ಎಲೆಕ್ಟ್ರಿಕ್ಕಿಂದು. ಸಿಕ್ಕಿರೋದು ಎರಡು ಸೆಕೆಂಡ್ ಮಾತ್ರ, ಅದೂ ಮೇಲೆ ಸಂಗೀತ ಬಂದು ಮುಚ್ಚಿಕೊಂಡಿದೆ. ಮೂರು ಮೂರು ಸಲ ಕೂಗೋ ಹಾಗೆ, ಒಂದು ನಿಮಿಷಕ್ಕೆ ಮಾಡಿಕೊಡು. ನಿನ್ನ ಬಿಟ್ರೆ ಯಾರ ಕೈಲೂ ಆಗಲ್ಲ.”

ಅದು ಯಾವ ಹಾರ್ನ್ ಅಂತ ಗುರುತಿಸಲು ಆ ಎರಡು ಸೆಕೆಂಡಿನಲ್ಲಿ ಅರ್ಧ ಸೆಕೆಂಡು ಸಾಕಾಗಿತ್ತು ಅವಳಿಗೆ. ಆಗದು ಅಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅನ್ನಲಿಲ್ಲ. ಅಂಥ ಹಾರ್ನ್ ಅನೇಕ ಕಾರ್ಖಾನೆಗಳಲ್ಲಿ ಇದ್ದಿರಬಹುದು ಅಂತ ತನಗೆ ತಾನೇ ಹೇಳಿಕೊಂಡಳು. ನಿಜ ಹೇಳಬೇಕೆಂದರೆ ಅವಳಿಗೆ ಅದು ಬೇಕಿತ್ತು. ಬೆಳಿಗ್ಗೆ ಆ ಕೂಗು ಬಿದ್ದ ಕೂಡಲೇ ಅಕ್ಕ ಬಾಯಲ್ಲಿ ಪಿನ್ ಕಚ್ಚಿಕೊಂಡು ಜಡೆ ಸುತ್ತುತ್ತಾ, “ನನ್ನ ಚಪ್ಪಲಿ ಎಲ್ಲೇ, ಕತ್ತೆ, ನೀನೇ ಹಾಕ್ಕೊಂಡು ಹೋಗಿದ್ದೆ ನಿನ್ನೆ” ಅಂತ ಮನೆಯೆಲ್ಲ ಹುಡುಕುತ್ತಿದ್ದಳು. ಅಕ್ಕನ ದನಿ ಎಲ್ಲೂ ಉಳಿದಿರಲಿಲ್ಲ. ಅವಳನ್ನು ಎಬ್ಬಿಸುತ್ತಿದ್ದ ದನಿಯಾದರೂ ಸಿಗಲಿ ಅನ್ನಿಸಿತ್ತು.

ಆರು ದಿನ ಬಾಗಿಲು ಹಾಕಿಕೊಂಡು ಕೂತಳು. ಒಳಗೆ ಎರಡು ಅಲೆಗಳಿದ್ದವು, ಒಂದು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ತಗ್ಗು. ಒಂದೇ ಮನೆಯಲ್ಲಿ ಜಗಳವಾಡಿಕೊಂಡಿರುವ ಇಬ್ಬರ ಹಾಗೆ ಅವು ಒಂದಕ್ಕೊಂದು ಉಜ್ಜಿ ನಡುಗುತ್ತಿದ್ದವು. ಎರಡನ್ನೂ ಹುಟ್ಟಿಸಿ ಜೋಡಿಸಿದಳು. ಉಪ್ಪಿಲ್ಲದ ಅಡುಗೆಯಂತೆ ಸಪ್ಪೆ. ತಗಡಿನ ಕೊಳವೆಯಿಂದ ಬಂದ ಹಾಗೆ ಮೂಗಿನ ದನಿ ಬರಿಸಲು ಫಿಲ್ಟರ್ ಹಾಕಿ ಮೇಲಿನದನ್ನೂ ಕೆಳಗಿನದನ್ನೂ ಸೋಸಿ ತೆಗೆದಳು. ಆ ಹಾರ್ನಿಗೆ ಕರೆಂಟು ಯಾವತ್ತೂ ಸಾಲುತ್ತಿರಲಿಲ್ಲ. ಶುರುವಿನಲ್ಲಿ ಮೂಟೆ ಹೊತ್ತು ಏಳುವವನ ಹಾಗೆ ಮುಕ್ಕಿರಿದು ಮೇಲೇರುತ್ತಿತ್ತು. ಅದನ್ನೂ ಕೂರಿಸಿದಳು. ಸಡಿಲವಾಗಿದ್ದ ಒಂದು ಸ್ಕ್ರೂ ಗಿರಗಿರ ಅನ್ನುತ್ತಿದ್ದುದಕ್ಕೆ ಚಿಟಿಕೆಯಷ್ಟು ಗದ್ದಲ ಬೆರೆಸಿದಳು. ಐದನೇ ದಿನ ಹಾರ್ನ್ ಎದ್ದು ನಿಂತಿತು. ಆದರೂ ಮನಸ್ಸು ಒಪ್ಪಲಿಲ್ಲ. ಹಾರ್ನ್ ಹೌದು, ನಮ್ಮ ಹಾರ್ನ್ ಅಲ್ಲ.

ಆರನೇ ದಿನ ಮಧ್ಯಾಹ್ನ ಟ್ಯಾಂಕಿನ ಮರುಕೂಗು ಹಾಕಿದಳು. ಹಾಕುವಾಗ ಯೋಚಿಸಲೂ ಇಲ್ಲ. ಟೈ ಕೇಳಿರಲಿಲ್ಲ, ಆ ಎರಡು ಸೆಕೆಂಡಿನಲ್ಲೂ ಇರಲಿಲ್ಲ. ಅವಳ ಪಾಲಿಗೆ ಅದಿಲ್ಲದೆ ಹಾರ್ನೇ ಇರಲಿಲ್ಲ, ಅಷ್ಟೆ. ಹಾಕಿ, ಕೇಳಿ, ಕುರ್ಚಿಯಿಂದ ಎದ್ದು ಗೋಡೆ ಹಿಡಿದು ನಿಂತಳು. ಆಮೇಲೆ ಕೂತು ಮತ್ತೆ ಹಾಕಿದಳು. ಎಷ್ಟು ಸಲವೋ.

ಕಳಿಸಿದ ಮೇಲೆ ಸಿನಿಮಾ ಏನಾಯಿತು ಅಂತ ಕೇಳಲೂ ಇಲ್ಲ.

*

ಮನೆಗೆ ಬಂದು ಅಮ್ಮ ಸೀರೆ ಬದಲಿಸಲಿಲ್ಲ, ನೀರು ಕುಡಿಯಲಿಲ್ಲ. ಅಡುಗೆಮನೆಯ ಹೊಸ್ತಿಲ ಮೇಲೆ ಕೂತಳು.

“ಹಾರ್ನ್ ಕೂಗಿದೆಯಲ್ಲೇ.”

“ಅಮ್ಮಾ, ಅವರು ಏನು ಬೇಕಾದ್ರೂ ತಂದು ಹಾಕ್ತಾರೆ.”

“ನಾನೇ ಕೇಳಿದ್ನಲ್ಲ. ನನ್ನ ಕಣ್ಣು ಹೋಗಿದೆ, ಕಿವಿ ಹೋಗಿಲ್ಲ. ನಮ್ಮದೇ ಹಾರ್ನ್ ಅದು.” ಅಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. “ಹನ್ನೆರಡು ವರ್ಷ ಕಂಡಕಂಡವರ ಮುಂದೆಲ್ಲ ಹೇಳ್ಕೊಂಡು ಬಂದೆ. ಹಾರ್ನ್ ಆಗಲಿಲ್ಲ, ಆಗಿದ್ರೆ ನನ್ನ ಮಗಳು ಎದ್ದು ಬರ್ತಿದ್ಲು ಅಂತ. ಆಗಿದೆ. ಕೇಳಿಸ್ಕೊಂಡೂ ಕೂತಿದ್ದಾಳೆ. ಯಾಕೆ ಅಂತ ಗೊತ್ತಾ ನಿನಗೆ?”

ಕಿವಿ ನೀರಿನ ಲೋಟ ತಂದಿಟ್ಟಳು. ಅಮ್ಮ ಅದನ್ನು ಪಕ್ಕಕ್ಕೆ ಸರಿಸಿದಳು.

“ನಾನೇ ಹೇಳಿಕೊಟ್ಟಿದ್ದು. ಮೊದಲನೇ ದಿನ ಕಳಿಸುವಾಗ. ಹಾರ್ನ್ ಸುಮ್ಸುಮ್ನೆ ಹೊಡ್ಕೊಳ್ಳುತ್ತೆ, ಸೂಪರ್‌ವೈಸರ್ ಹೇಳೋತನಕ ಮೆಷಿನ್ ಬಿಟ್ಟು ಏಳಬೇಡ, ಎದ್ರೆ ಬೈತಾನೆ ಅಂದಿದ್ದೆ. ಅವಳು ನನ್ನ ಮಾತು ಒಂದು ದಿನ ಕೇಳಿದವಳಲ್ಲ. ಇದೊಂದು ಕೇಳಿಬಿಟ್ಟಿದ್ದಾಳೆ ನೋಡು.”

ಕಂಪನಿಯವರು ಕೊಲ್ಲುವುದನ್ನೂ ಕಲಿತಿದ್ದರು, ಕೊಂದದ್ದು ತಾಯಿಯೇ ಅಂತ ಅವಳ ಬಾಯಿಂದಲೇ ಹೇಳಿಸುವುದನ್ನೂ ಕಲಿತಿದ್ದರು. ಅದಕ್ಕೆ ಬೇಕಾದ ಸಾಮಾನು ತಯಾರಿಸಿ ಕೊಟ್ಟದ್ದು ಈ ಮನೆಯ ಕಿರಿಮಗಳು. ಕಿವಿ ಫೋನ್ ತೆಗೆದುಕೊಂಡು ಮೆಟ್ಟಿಲ ಕಡೆ ನಡೆದಳು.

“ಯಾವ ಹಾರ್ನು ತಾಯಿ?” ಅಂದ ಟೈ. “ದಿನಕ್ಕೆ ನೂರು ದನಿ ಆಚೀಚೆ ಕಳಿಸ್ತೀನಿ. ನಾಯಿ ಬೊಗಳೋದು, ಬಾಗಿಲು ಕಿರುಗುಟ್ಟೋದು, ನೆನಪಿರುತ್ತಾ?”

“ಸಿನಿಮಾ ಯಾವುದು ಹೇಳಿ.”

“ನಿಂತುಹೋಯ್ತು ಅದು.”

“ನಿಂತಿಲ್ಲ. ಇವತ್ತು ತೋರಿಸಿದ್ರು. ಇಪ್ಪತ್ಮೂರು ಮನೆಯವರು ನೋಡಿ ಬಂದ್ವಿ.”

 ಈ ಸಲ ಅವನ ಮಾತಿನಲ್ಲಿ ‘ತಾಯಿ’ಯೂ ಇರಲಿಲ್ಲ, ‘ಅಮ್ಮ’ನೂ ಇರಲಿಲ್ಲ. “ನೋಡು, ನಾನು ಪೋಸ್ಟ್‌ಮ್ಯಾನ್. ಮಾಡಿದ್ದು ಯಾರು? ನೀನು. ಯಾರ ಹಾರ್ನ್ ಅಂತ ಗೊತ್ತಿದ್ದೂ ಮಾಡಿದ್ದು ಯಾರು? ಅದೂ ನೀನೇ. ಬಾಯಿಬಿಟ್ರೆ ಮೊದಲು ಒಳಗೆ ಹೋಗೋಳು ನೀನು. ಹೊರಗೆ ಬಂದ ಮೇಲೂ ಈ ಲೈನಲ್ಲಿ ನಿನಗೆ ಯಾರು ಕೆಲಸ ಕೊಡ್ತಾರೆ? ಸುಳ್ಳು ಸಾಕ್ಷಿ ತಯಾರಿಸೋಳು ಅಂತಾರೆ.”

“ಟೈ ಸ್ವಲ್ಪ ಸಡಿಲ ಮಾಡ್ಕೊಳ್ಳಿ ಸಾರ್,” ಅಂದಳು ಕಿವಿ. “ದನಿ ನಡುಗ್ತಾ ಇದೆ.”

ಧೈರ್ಯದ ಮಾತೇನೋ ಆಡಿದಳು. ಫೋನ್ ಇಟ್ಟು ಮೆಟ್ಟಿಲ ಮೇಲೆ ಕೂತಳು. ಅವಳ ಬಗ್ಗೆ ಅವನು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ.

ಒಳಗೆ ಬಂದು ಅಮ್ಮನ ಎದುರು ನೆಲದ ಮೇಲೆ ಕೂತು ಎಲ್ಲ ಹೇಳಿದಳು. ಎರಡು ಸೆಕೆಂಡು, ಆರು ದಿನ, ಟ್ಯಾಂಕು. ಅಮ್ಮ ಹೊಡೆಯುತ್ತಾಳೆ ಅಂದುಕೊಂಡಿದ್ದಳು. ಹೊಡೆದಿದ್ದರೆ ಚೆನ್ನಾಗಿತ್ತು.

“ಆರು ದಿನ,” ಅಂದಳು ಅಮ್ಮ. “ಆರು ದಿನ ಒಬ್ಬಳೇ ಕೂತು ಕೇಳಿದ್ದೀಯ.”

“ಹೂಂ.”

“ಒಂದು ಸಲ ಅಮ್ಮನ್ನ ಕರೀಬೇಕು ಅನ್ನಿಸಲಿಲ್ಲ ನಿನಗೆ.”

ಈ ಪೆಟ್ಟು ಎಲ್ಲಿಂದ ಬಿತ್ತು ಅಂತ ಕಿವಿಗೆ ಗೊತ್ತಾಗುವುದರೊಳಗೆ ಅಮ್ಮ ಅವಳ ಗಲ್ಲ ಹಿಡಿದೆತ್ತಿ, ಮಂಜುಗಣ್ಣನ್ನು ಹತ್ತಿರ ತಂದಳು.

“ಇಲ್ಲಿ ನೋಡು. ನನ್ನ ಸಮಾಧಾನಕ್ಕೆ ಕತೆ ಕಟ್ತಿದ್ದೀಯಾ? ಅಮ್ಮ ಕೊರಗಿ ಸಾಯ್ತಾಳೆ ಅಂತ?”

“ಇಲ್ಲಮ್ಮ.”

“ನೀನು ಯಾವ ದನಿ ಬೇಕಾದ್ರೂ ಮಾಡ್ತೀಯ. ಮಾತನ್ನೂ ಮಾಡಬಹುದು. ನಾನು ಹೇಗೆ ನಂಬಲಿ?” ಗಲ್ಲ ಬಿಟ್ಟಳು. “ಅದು ನಿಂದೇ ಅಂತ ತೋರಿಸು. ಆಮೇಲೆ ಇನ್ನೊಂದು. ಇನ್ನು ಆ ಟೇಪಿಂದ ಏನೇ ಬರಲಿ, ನನ್ನ ಬಿಟ್ಟು ಕೇಳಬೇಡ.”

*

ಆ ಇಪ್ಪತ್ಮೂರು ಮನೆಗಳ ಪರವಾಗಿ ವಾದಿಸುತ್ತಿದ್ದವರು ಒಬ್ಬ ಹೆಂಗಸು. ಎಲ್ಲರಿಗೂ ಅವರು ಲಾಯರಮ್ಮ. ಅವರ ಕಚೇರಿ ಅಂದರೆ ಝೆರಾಕ್ಸ್ ಅಂಗಡಿಯ ಮೇಲಿನ ಒಂದು ಕೋಣೆ. ಕೆಳಗೆ ಮೆಷಿನ್ ಓಡಿದಾಗಲೆಲ್ಲ ಟೀ ಲೋಟ ಮೇಜಿನ ಮೇಲೆ ತಾನಾಗಿ ಸರಿಯುತ್ತಿತ್ತು. ಕಿವಿಯ ಮಾತು ಮುಗಿಯುವವರೆಗೆ ಅವರು ಆ ಲೋಟ ಹಿಡಿದುಕೊಂಡೇ ಕೂತಿದ್ದರು.

“ಟ್ಯಾಂಕಿನ ಮರುಕೂಗು ಅಂದ್ರೆ ಅವರು ನಗ್ತಾರೆ,” ಅಂದರು. “ಅಕ್ಕನ್ನ ಕಳ್ಕೊಂಡ ತಂಗಿ, ದುಃಖದಲ್ಲಿ ಏನೇನೋ ಕೇಳಿಸುತ್ತೆ ಪಾಪ ಅಂತಾರೆ. ನಿನ್ನ ಹತ್ರ ಇರೋ ಫೈಲನ್ನೂ ಆಮೇಲೆ ಕೂತು ಮಾಡಿದ್ದು ಅಂತಾರೆ. ಬೇರೆ ಏನಿದೆ?”

“ಕಳೆಯೋದು ಇದೆ ಮೇಡಂ.”

“ಕಳೆಯೋದಾ?”

“ದನಿ ಅಂದ್ರೆ ಗಾಳಿನ ತಳ್ಳೋದು, ಎಳೆಯೋದು. ನನ್ನ ಹಾರ್ನನ್ನ ತಿರುವಿ ಹಾಕಿದ್ರೆ, ಅವರ ಟೇಪಿನ ಹಾರ್ನ್ ತಳ್ಳೋ ಕಡೆ ನಂದು ಎಳೆಯುತ್ತೆ, ಅದು ಎಳೆಯೋ ಕಡೆ ನಂದು ತಳ್ಳುತ್ತೆ. ಒಂದರ ಮೇಲೊಂದು ಕೂರಿಸಿದ್ರೆ ಎರಡೂ ಸಾಯ್ತಾವೆ. ಆದರೆ ಎರಡೂ ಒಂದೇ ಆಗಿದ್ರೆ ಮಾತ್ರ. ಅಸಲಿ ಹಾರ್ನ್ ಆಗಿದ್ರೆ ನಾನು ಎಷ್ಟೇ ಚೆನ್ನಾಗಿ ನಕಲು ಮಾಡಿದ್ರೂ ಸಾಯಲ್ಲ, ಇನ್ನೂ ಗಲಾಟೆ ಆಗುತ್ತೆ. ನಂದೇ ಆಗಿದ್ರೆ ಮಾಯ.”

ಲಾಯರಮ್ಮ ಲೋಟ ಕೆಳಗಿಟ್ಟರು. ಅದು ಮೆಲ್ಲಗೆ ಸರಿಯಿತು. “ಹಾರ್ನ್ ಮಾಯ ಆದ ಮೇಲೆ ಅಲ್ಲಿ ಏನು ಉಳಿಯುತ್ತೆ?”

“ಅದನ್ನ ನೋಡಿಲ್ಲ. ಅಮ್ಮ ಬೇಡ ಅಂದಿದ್ದಾರೆ.”

ಲಾಯರಮ್ಮನ ಬಳಿಯಿದ್ದ ಟೇಪಿನ ಪ್ರತಿಯನ್ನು ಸ್ಟುಡಿಯೋಗೆ ಒಯ್ದು, ಮೊದಲ ಮೂರು ಸೆಕೆಂಡು ಮಾತ್ರ ಪರೀಕ್ಷಿಸಿದಳು. ಟೇಪಿಗೆ ಹಾರ್ನ್ ಸೇರಿಸಿದವರು ಸೋಮಾರಿಗಳು. ಹಾರ್ನನ್ನು ಫೋನಿನ ದನಿಯ ಹಾಗೆ ತೆಳ್ಳಗೆ ಮಾಡಿ ಹಾಗೇ ಸುರಿದಿದ್ದರು. ಕಿವಿ ತನ್ನದನ್ನೂ ಅಷ್ಟೇ ತೆಳ್ಳಗೆ ಮಾಡಿ, ತಿರುವಿ, ಕೂದಲಷ್ಟು ಅತ್ತ ಇತ್ತ ಸರಿಸಿ ಕೂರಿಸಿದಳು. ಮೊದಲನೇ ಕೂಗು ಬಾಯಿ ತೆರೆಯಿತು, ದನಿ ಬರಲಿಲ್ಲ. ಅವಳು ತಕ್ಷಣ ಕೈ ತೆಗೆದಳು. ಕೋಣೆಯಲ್ಲಿ ಯಾರೋ ಹಿಂದೆ ನಿಂತು ಮುಂದಿನದಕ್ಕೆ ಕಾಯುತ್ತಿರುವ ಹಾಗಿತ್ತು. ತಿರುಗಿ ನೋಡದೆ ದೀಪ ಆರಿಸಿ ಹೊರಗೆ ಬಂದಳು.

*

ಮುಂದಿನ ವಿಚಾರಣೆಯ ದಿನ ಕಂಪನಿಯ ವಕೀಲರು ಅವಳನ್ನು ಬಹಳ ಪ್ರೀತಿಯಿಂದ ಪ್ರಶ್ನಿಸಿದರು.

“ನೀವು ಸಂಗೀತದವರೇನಮ್ಮ?”

“ಅಲ್ಲ. ದನಿ ಮಾಡೋಳು.”

“ಅಂದ್ರೆ ನಕಲಿ ದನಿ.”

“ಹೌದು. ನಕಲಿ ಮಾಡೋಳಾಗಿದ್ದಕ್ಕೇ ನಕಲಿ ಗುರುತು ಸಿಕ್ತು.”

ಬೆಂಚುಗಳಲ್ಲಿ ಯಾರೋ ನಕ್ಕರು. ವಕೀಲರೂ ನಕ್ಕರು. “ನಿಮ್ಮ ಅಕ್ಕ ತೀರಿಹೋದ ಕಾರ್ಖಾನೆಯ ಹಾರ್ನ್ ಅಂತ ಗೊತ್ತಿದ್ದೂ ಮಾಡಿದಿರಿ ಅಂತೀರಿ?”

“ಗೊತ್ತಿದ್ದೂ ಮಾಡಿದೆ.”

“ಯಾಕೆ?”

ಇಪ್ಪತ್ಮೂರು ಮನೆಗಳ ಕಣ್ಣು ಅವಳ ಬೆನ್ನಿನ ಮೇಲಿತ್ತು. “ಕೇಳಬೇಕು ಅನ್ನಿಸಿತು,” ಅಂದಳು.

ಹಿಂದಿನ ಬೆಂಚಿನಿಂದ ಒಬ್ಬ ಹೆಂಗಸು, “ಥೂ, ನಿನ್ನ ಕೈ ಸೇದಿಹೋಗ! ನಮ್ಮವರ ಮೇಲೆ ಕೂಗಿಸಿದ್ದು ನೀನೇನೇ?” ಅಂತ ಕಿರುಚಿದಳು. ಲಾಯರಮ್ಮ ಎದ್ದು ಹೋಗಿ ಅವಳ ಭುಜ ಹಿಡಿದರು. ಕಿವಿ ತಿರುಗಲಿಲ್ಲ. ಅದು ಅವಳಿಗೆ ಸಲ್ಲಬೇಕಾದ್ದೇ ಆಗಿತ್ತು.

ಅವಳು ಲ್ಯಾಪ್‌ಟಾಪ್ ತೆರೆದು ಮೊದಲು ಕಂಪನಿಯ ಟೇಪು ಹಾಕಿದಳು. ಹಾರ್ನ್. ಆಮೇಲೆ ತನ್ನದು. ಹಾರ್ನ್. ಆಮೇಲೆ ತನ್ನದನ್ನು ತಿರುವಿ, ಟೇಪಿನ ಮೇಲೆ ಇಟ್ಟು, ಅಮ್ಮ ಎಲ್ಲಿ ಕೂತಿದ್ದಾಳೆ ಅಂತ ಒಮ್ಮೆ ನೋಡಿ, ಗುಂಡಿ ಒತ್ತಿದಳು.

ಹಾರ್ನ್ ಬರಲಿಲ್ಲ.

ಅಲ್ಲಲ್ಲಿ ಸುಟ್ಟ ಕಾಗದದ ಅಂಚಿನಂಥ ಚೂರುಗಳು ಉದುರಿದವು, ಅಷ್ಟೆ. ಅದರ ಹಿಂದಿನಿಂದ, ಬಾಗಿಲು ತೆಗೆದಂತೆ, ಒಂದು ದೊಡ್ಡ ಕೋಣೆ ಬಂತು. ಹೊಲಿಗೆ ಮೆಷಿನ್ನುಗಳು. ಹತ್ತಿರದ್ದು, ದೂರದ್ದು, ಇನ್ನೂ ದೂರದ್ದು. ಯಾರೋ ಕೆಮ್ಮಿದರು. ಯಾರೋ ಏನೋ ಅಂದರು, ಅದಕ್ಕೆ ಇನ್ನೊಬ್ಬಳು ಕಿಲಕಿಲನೆ ನಕ್ಕಳು. ಕುರ್ಚಿ ಎಳೆದ ಸದ್ದು. ಹನ್ನೊಂದೂ ನಾಲ್ಕು, ಕೆಳಗೆ ಬೆಂಕಿ ಹತ್ತಿ ನಾಲ್ಕು ನಿಮಿಷ. ಮೇಲೆ ಒಂದು ಮಾಮೂಲಿ ಬೆಳಗು.

ಮೂವತ್ತೆಂಟು ಸೆಕೆಂಡು ಮುಗಿಯಿತು. “ನಕ್ಕಿದ್ದು ನಮ್ಮವಳು,” ಅಂದ ಆ ಮುದುಕ. “ಅಲ್ಲಪ್ಪ, ನನ್ನ ತಂಗಿ ಅದು, ಅವಳು ಹಂಗೇ ನಗೋದು,” ಅಂತ ಇನ್ನೊಬ್ಬರು. ಒಂದು ನಗುವಿಗೆ ಆರು ಮನೆಯವರು ಎದ್ದು ನಿಂತಿದ್ದರು.

ಕಂಪನಿಯ ವಕೀಲರು ಗಂಟಲು ಸರಿಮಾಡಿಕೊಂಡರು. “ಮಹಾಸ್ವಾಮಿ, ಇದು ಕಂಪ್ಯೂಟರ್ ಕೈಚಳಕ. ಯಾವ ದನಿ ಬೇಕಾದರೂ ಅಳಿಸಬಹುದು...”

“ಹಾಗೆ ಸೇರಿಸಲೂಬಹುದು, ಅಲ್ಲವೇ?” ಅಂದರು ನ್ಯಾಯಾಧೀಶರು. “ಕೂತ್ಕೊಳ್ಳಿ. ಇನ್ನೊಮ್ಮೆ ಹಾಕಮ್ಮ.”

ಕಿವಿ ಗುಂಡಿಯ ಮೇಲೆ ಬೆರಳಿಟ್ಟಳು. ಒತ್ತುವ ಮೊದಲು ಅಮ್ಮ ಎದ್ದಳು. ಯಾರ ಅಪ್ಪಣೆಯನ್ನೂ ಕೇಳದೆ, ಬೆಂಚಿನ ಅಂಚು ತಡವಿಕೊಂಡು ಮುಂದೆ ಬಂದು, ಸ್ಪೀಕರಿನ ಪಕ್ಕ ನೆಲದ ಮೇಲೆ ಕೂತಳು. ಪೊಲೀಸಿನವನು ಮುಂದೆ ಬಂದ. ನ್ಯಾಯಾಧೀಶರು ಕೈಯಲ್ಲೇ ತಡೆದರು.

“ಹಾಕೇ.”

ಮೆಷಿನ್ನುಗಳು ಓಡತೊಡಗಿದವು. ಅಮ್ಮ ಸ್ಪೀಕರಿನ ಬಟ್ಟೆಯ ಮೇಲೆ ಅಂಗೈ ಇಟ್ಟಳು.

“ಇದು ಬಾಗಿಲ ಕಡೆ ಸಾಲು,” ಅಂದಳು, ಯಾರಿಗೂ ಅಲ್ಲ ಅನ್ನುವಂತೆ. “ಇದು ದಪ್ಪ ಸೂಜಿದು, ಅಂಚು ಹೊಲಿಯೋದು. ಇದು ಕೈ ಹಗುರ ಇರೋಳು ಯಾರೋ. ಒಬ್ಬಳೂ ಪೆಡಲ್ ಬಿಟ್ಟಿಲ್ಲ. ಹಾರ್ನ್ ಆದ್ರೆ ಕಾಲು ತಾನಾಗೇ ಎದ್ದುಬಿಡುತ್ತೆ ಸ್ವಾಮಿ, ನಾವು ಹೇಳೋದೇ ಬೇಡ. ಏಳಬೇಡ ಅಂದ್ರೂ ಒಂದು ಗಳಿಗೆ ನಿಂತೇ ನಿಲ್ಲುತ್ತೆ. ಇಲ್ಲಿ ಯಾರ ಕಾಲೂ ಅಳುಕಿಲ್ಲ.”

ನಗು ಬಂತು. ಈ ಸಲ ಯಾರೂ ಏಳಲಿಲ್ಲ.

“ತಡಿ,” ಅಂದಳು ಅಮ್ಮ. ತಲೆ ಒಂದು ಕಡೆ ವಾಲಿತು. “ಕಿಟಕಿ ಸಾಲು, ನಾಲ್ಕನೇದು. ಎರಡನೇ ಏಟಿಗೆ ಎಡವುತ್ತೆ ನೋಡು, ಟಕ್ ಟ-ಟಕ್. ಅದು ನನ್ನ ಮೆಷಿನ್ನು. ಎಷ್ಟು ಎಣ್ಣೆ ಬಿಟ್ರೂ ಸರಿಹೋಗಲಿಲ್ಲ ಮುಂಡೇದು.”

ಕಿವಿಗೂ ಈಗ ಅದು ಬೇರೆಯಾಗಿ ಕೇಳಿಸಿತು. ಇಷ್ಟು ಹೊತ್ತು ಬರೀ ಗದ್ದಲವಾಗಿದ್ದದ್ದರೊಳಗಿಂದ ಒಂದೇ ಒಂದು ಎಡವುವ ನಡಿಗೆ. ಎಷ್ಟು ದನಿಗಳ ಕರುಳು ಬಗೆದವಳು ಅವಳು. ಇದನ್ನು ಬಗೆದುಕೊಟ್ಟವಳು ಅಮ್ಮ.

ಅದು ತಟ್ಟನೆ ನಿಂತಿತು.

ಮಿಕ್ಕ ಮೆಷಿನ್ನುಗಳು ಓಡುತ್ತಲೇ ಇದ್ದವು. ಅದೊಂದು ನಿಂತಿತ್ತು. ಕಿವಿ ಸ್ಪೀಕರಿನ ಕಡೆ ಬಾಗಿದಳು. ಅಕ್ಕ ಎದ್ದಳೇ? ಏನಾದರೂ ಗೊತ್ತಾಯಿತೇ ಅವಳಿಗೆ?

“ದಾರ ಕಡೀತು,” ಅಂದಳು ಅಮ್ಮ. ಅವಳ ಬಲಗೈಯ ಎರಡು ಬೆರಳು ತುಟಿಯ ಹತ್ತಿರ ಹೋಗಿ ಇಲ್ಲದ ಎಳೆಯೊಂದನ್ನು ಒದ್ದೆ ಮಾಡಿದವು. “ಪೋಣಿಸ್ತಿದ್ದಾಳೆ. ಅವಸರ ಇಲ್ಲ ನೋಡು ಅವಳಿಗೆ. ಯಾವತ್ತೂ ಇರಲಿಲ್ಲ.”

ಒಂದು, ಎರಡು, ಮೂರು, ನಾಲ್ಕು ಸೆಕೆಂಡು.

ಟಕ್ ಟ-ಟಕ್. ಟಕ್ ಟ-ಟಕ್.

“ಹಾಂ,” ಅಂದಳು ಅಮ್ಮ. “ಹೊರಟಳು.”

ಟೇಪು ಮುಗಿಯಿತು.

ಮೂಲೆಯಲ್ಲಿ ಹೇಳಿಕೆಗಳನ್ನು ಟೈಪು ಮಾಡುತ್ತಿದ್ದ ಹುಡುಗಿಯ ಬೆರಳು ಯಾವಾಗಲೋ ನಿಂತಿತ್ತು. ಅವಳು ನ್ಯಾಯಾಧೀಶರ ಮುಖ ನೋಡಿದಳು, ಆಮೇಲೆ ನೆಲದ ಮೇಲೆ ಕೂತಿದ್ದವಳನ್ನು. “ಅಮ್ಮಾ,” ಅಂದಳು ಮೆಲ್ಲಗೆ, “ಯಾರು ಹೊರಟರು ಅಂತ ಹಾಕಲಿ?”

ಅಮ್ಮ ಸ್ಪೀಕರಿನಿಂದ ಕೈ ತೆಗೆಯಲಿಲ್ಲ.

“ನನ್ನ ಮಗಳು ಅಂತ ಹಾಕಮ್ಮ. ಹೊಲೀತಾ ಕೂತಿದ್ದಾಳೆ, ಏನೂ ಕೇಳಿಸಿಲ್ಲ ಅವಳಿಗೆ ಅಂತ ಹಾಕು.”